ಬೀಗ ಹಾಕಿದ ಮನೆಯ ಲೆಕ್ಕ

ಎಂಬಿಬಿಎಸ್ ಓದುವಾಗ ಕ್ಷಯದ ಲಕ್ಷಣಗಳ ಬಗ್ಗೆ ಎರಡು ತಿಂಗಳ ಒಂದು ಸಣ್ಣ ಸಂಶೋಧನೆಗಾಗಿ ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಮನೆ ತಿರುಗಿದ್ದೆ. ಜೊತೆಗೆ ಆ ಊರಿನ ಆಶಾ ಕಾರ್ಯಕರ್ತೆ. ಕೈಯಲ್ಲಿ ಎರಡು ಪುಟದ ನಮೂನೆ: ಎರಡು ವಾರ ದಾಟಿದ ಕೆಮ್ಮು ಇದೆಯೇ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆಯೇ, ತೂಕ ಇಳಿದಿದೆಯೇ, ಕಫದಲ್ಲಿ ರಕ್ತ ಕಂಡಿದೆಯೇ. ಮೂರು ದಿನದಲ್ಲಿ ಒಂದು ಕಟ್ಟು ನಮೂನೆ ತುಂಬಿಸಿ, ಜೋಡಿಸಿ, ತುಮಕೂರಿಗೆ ತಂದು ನನ್ನ ಗೈಡ್ ಮುಂದಿಟ್ಟೆ. ಅವರು ತುಂಬಿದ ಹಾಳೆಗಳನ್ನು ತೆರೆದು ನೋಡಲಿಲ್ಲ. "ಬೀಗ ಹಾಕಿದ್ದ ಮನೆಗಳು ಎಷ್ಟಮ್ಮ?" ಅಂದರು. ನಾನು ಎಣಿಸಿರಲಿಲ್ಲ.

ಮರುದಿನ ಹೋಗಿ ಎಣಿಸಿದೆ. ನಾವು ಹೋಗುತ್ತಿದ್ದುದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅಷ್ಟರಲ್ಲಿ ಗಾರ್ಮೆಂಟ್ಸ್ ಬಸ್ಸು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿಯಾಗಿರುತ್ತಿತ್ತು. ಗಂಡಸರು ಕಲ್ಲು ಕ್ವಾರಿಗೋ ಅಡಿಕೆ ತೋಟದ ಕೂಲಿಗೋ ಹೊರಟಿರುತ್ತಿದ್ದರು. ಕೆಲವರು ವಾರಕ್ಕೊಮ್ಮೆ ಮಾತ್ರ ಬೆಂಗಳೂರಿನಿಂದ ಬರುವವರು. ಜಗಲಿಯ ಮೇಲೆ ಕೂತು ನನಗೆ ಉತ್ತರ ಕೊಟ್ಟವರು ಅಜ್ಜಿಯರು, ಬಾಣಂತಿಯರು, ಜ್ವರ ಬಂದು ಶಾಲೆ ತಪ್ಪಿಸಿದ ಮಕ್ಕಳು. ವಯಸ್ಕರಲ್ಲಿ ಕ್ಷಯ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕೆ ಅದು ಇನ್ನೂ ಸುಲಭವಾಗಿ ಹತ್ತುತ್ತದೆ. ಅಂದರೆ ನಾನು ಹುಡುಕುತ್ತಿದ್ದ ರೋಗ ಯಾರಲ್ಲಿ ಇರುವ ಸಂಭವ ಹೆಚ್ಚೋ, ಅವರನ್ನೇ ಬಿಟ್ಟು ಊರೆಲ್ಲ ಸುತ್ತಿದ್ದೆ. ಆ ಹಾಳೆಗಳನ್ನು ಲೆಕ್ಕ ಹಾಕಿದ್ದರೆ ಈ ಊರಲ್ಲಿ ಕ್ಷಯದ ಲಕ್ಷಣವೇ ಅಪರೂಪ ಎಂಬ ತೀರ್ಮಾನ ಬರುತ್ತಿತ್ತು. ಒಂದೊಂದು ಹಾಳೆಯೂ ನಿಜ, ಒಟ್ಟು ಮಾತ್ರ ಸುಳ್ಳು. ಈ ಬಗೆಯ ತಪ್ಪಿಗೆ ನಮ್ಮ ಪಠ್ಯದಲ್ಲಿ 'ಸೆಲೆಕ್ಷನ್ ಬಯಾಸ್' ಎಂಬ ಹೆಸರಿದೆ. ಪರೀಕ್ಷೆಗೆ ಅದನ್ನು ಉರು ಹೊಡೆದಿದ್ದೆ. ಅರ್ಥವಾದದ್ದು ಆ ಬೀಗಗಳನ್ನು ಎಣಿಸಿದ ದಿನ.

ಎಪಿಡೆಮಿಯಾಲಜಿ ಎಂದರೇನು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಕನ್ನಡದಲ್ಲಿ ಅದನ್ನು ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವುದುಂಟು. ಆದರೆ ಅಂಟುರೋಗವಷ್ಟೇ ಅದರ ವಿಷಯವಲ್ಲ. ಬಿಪಿ, ಸಕ್ಕರೆ ಕಾಯಿಲೆ, ಅಪಘಾತ, ಪಾವಗಡದ ನೀರಿನ ಫ್ಲೋರೈಡು, ಎಲ್ಲವೂ ಅದರೊಳಗೆ ಬರುತ್ತವೆ. ಆಸ್ಪತ್ರೆಯ ವೈದ್ಯರು ತಮ್ಮ ಎದುರಿಗೆ ಕೂತವರನ್ನು ನೋಡುತ್ತಾರೆ. ಈ ವಿದ್ಯೆ ಎದುರಿಗೆ ಬಾರದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿರಬಹುದು: ಮೇಲಿನದು ಅಂಶ, ಕೆಳಗಿನದು ಛೇದ. 'ನಮ್ಮ ಆಸ್ಪತ್ರೆಯಲ್ಲಿ ಈ ವರ್ಷ ಇಷ್ಟು ಕ್ಷಯ ರೋಗಿಗಳು' ಎಂಬುದು ಬರೀ ಅಂಶ. ಎಷ್ಟು ಜನರಲ್ಲಿ ಇಷ್ಟು ಎಂದು ಹೇಳುವ ಛೇದ ಇಲ್ಲದೆ, ರೋಗ ಹೆಚ್ಚಿತೋ ಆಸ್ಪತ್ರೆಗೆ ಬರುವವರು ಹೆಚ್ಚಿದರೋ ತಿಳಿಯುವುದಿಲ್ಲ. ಬೀಗ ಹಾಕಿದ ಮನೆಗಳು ಇರುವುದು ಆ ಛೇದದಲ್ಲಿ.

ಈ ಛೇದದ ಪಾಠವನ್ನು ದೇಶಕ್ಕೇ ಹೇಳಿಕೊಟ್ಟ ಕಡೆಗಳಲ್ಲಿ ನಮ್ಮ ತುಮಕೂರು ಜಿಲ್ಲೆಯೂ ಒಂದು. ನಮ್ಮಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ, ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಭಾರತಕ್ಕೆ ಹೊಂದುವ ಒಂದು ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವುದು ಅದರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಅಲ್ಲಿದ್ದರು; ಮುಂದೆ ಆ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡಾನ್ ಮಾಹ್ಲರ್ ಅವರಲ್ಲೊಬ್ಬರು. ಆಗ ಚರ್ಚೆಯಲ್ಲಿದ್ದ ದಾರಿ ದುಬಾರಿಯದು: ಎಕ್ಸ್‌ರೇ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಕಳಿಸಿ ಪ್ರತಿಯೊಬ್ಬರ ಎದೆಯ ಚಿತ್ರ ತೆಗೆಯುವುದು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಕಾಯಿಲೆಯಾದರೂ ಅವರಾಗಿ ಬರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಅದರ ಹಿಂದಿತ್ತು.

1960-61ರಲ್ಲಿ ಸಂಸ್ಥೆಯ ತಂಡ ತುಮಕೂರು ಜಿಲ್ಲೆಯಲ್ಲಿ ಕ್ಷಯ ಸಮೀಕ್ಷೆ ನಡೆಸಿತು. ರಾಜ್ ನರೈನ್ ಮತ್ತು ಸಂಗಡಿಗರ ಕೆಲಸ ಅದು. ಎಕ್ಸ್‌ರೇ ತೆಗೆದರು, ಅನುಮಾನವಿದ್ದವರ ಕಫ ಪರೀಕ್ಷಿಸಿದರು. ಅಷ್ಟಕ್ಕೇ ನಿಂತಿದ್ದರೆ ಒಂದು ಅಂಕಿ ಸಿಕ್ಕು ಕಡತ ಸೇರುತ್ತಿತ್ತು. ಆದರೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು, ಸಮೀಕ್ಷೆಯಲ್ಲಿ ಸಿಕ್ಕವರ ಮನೆಗಳಿಗೆ ಮತ್ತೆ ಜನರನ್ನು ಕಳಿಸಿದರು. ಈ ಸಲ ಯಂತ್ರವಿಲ್ಲ, ಪ್ರಶ್ನೆಗಳು ಮಾತ್ರ: ನಿಮಗೆ ಏನಾದರೂ ತೊಂದರೆ ಇದೆಯೇ? ಅದರ ಬಗ್ಗೆ ಚಿಂತೆ ಆಗಿದೆಯೇ? ಏನು ಮಾಡಿದಿರಿ? ರೋಗಿಗಳ ಜೊತೆಗೆ, ಅದೇ ವಯಸ್ಸಿನ, ರೋಗವಿಲ್ಲದವರನ್ನೂ ಕೇಳಿದರು. ಕೆಮ್ಮು ಯಾರಿಗಿಲ್ಲ? ರೋಗವಿಲ್ಲದವರಲ್ಲಿ ಎಷ್ಟು ಮಂದಿ ಕೆಮ್ಮುತ್ತಾರೆ ಎಂದು ತಿಳಿಯದೆ ರೋಗಿಗಳ ಕೆಮ್ಮಿಗೆ ಬೆಲೆ ಕಟ್ಟಲಾಗುವುದಿಲ್ಲ.

1963ರಲ್ಲಿ ಪ್ರಕಟವಾದ ಉತ್ತರ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬ ಅರಿವಿತ್ತು. ಮುಕ್ಕಾಲು ಪಾಲಿನಷ್ಟು ಜನ ಅದಕ್ಕಾಗಿ ಚಿಂತೆಪಟ್ಟಿದ್ದರು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲು. ಕಫ ಪರೀಕ್ಷೆ ಮಾಡಿಸಿ ಎಂದವರಿಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದ ತುಮಕೂರಿನ ರೈತಾಪಿ ಜನ, ಬಸ್ಸಿಲ್ಲದ ದಾರಿಯಲ್ಲಿ ನಡೆದು, ಕೆಮ್ಮುತ್ತಾ ಆಸ್ಪತ್ರೆಗೆ ಹೋಗಿದ್ದರು. ತಿಳಿವಳಿಕೆ ಸಾಲದಾಗಿದ್ದುದು ಬಾಗಿಲ ಒಳಗಿನವರಿಗೆ. ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟೂ ಬಂತು, ನಮ್ಮ ಜನರ ಬಗ್ಗೆ ಅಭಿಮಾನವೂ ಉಕ್ಕಿತು.

ಈಗ ನೀತಿಯ ಮಾತು. ಸಂಶೋಧನೆ ತಾನಾಗಿ ನೀತಿಯಾಗುವುದಿಲ್ಲ; ಒಂದು ಉತ್ತರಕ್ಕೆ ಇನ್ನೆರಡು ಉತ್ತರಗಳು ಜೊತೆಗೂಡಬೇಕು. ಮದ್ರಾಸಿನಲ್ಲಿ 1956ರಿಂದ ನಡೆದ ಪ್ರಯೋಗವೊಂದು, ಕ್ಷಯ ರೋಗಿಯನ್ನು ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡರೂ ಮನೆಯಲ್ಲೇ ಮಾತ್ರೆ ಕೊಟ್ಟರೂ ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದು 1959ರಲ್ಲಿ ತೋರಿಸಿತ್ತು. ತುಮಕೂರಿನ ಉತ್ತರ ಅಚ್ಚಾದದ್ದು 1963ರಲ್ಲಾದರೂ ಸಂಸ್ಥೆಯವರಿಗೆ ಮೊದಲೇ ಗೊತ್ತಿತ್ತು: ಜನ ತಾವಾಗಿಯೇ ಬರುತ್ತಾರೆ. ಉಳಿದದ್ದು ಮೂರನೆಯ ಪ್ರಶ್ನೆ: ಸಾಮಾನ್ಯ ಆಸ್ಪತ್ರೆಯ ಸಿಬ್ಬಂದಿ ತಮ್ಮ ದಿನನಿತ್ಯದ ಕೆಲಸದ ನಡುವೆ ಇದನ್ನು ನಿಭಾಯಿಸಬಲ್ಲರೇ? ಅದನ್ನು ಪಾವಗಡದ ಗಡಿಯಾಚೆಗಿನ ಅನಂತಪುರ ಜಿಲ್ಲೆಯಲ್ಲಿ ಮಾಡಿ ನೋಡಿದರು. ಈ ಮೂರೂ ಸೇರಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಆಕಾರ ಬಂತು: ಜಿಲ್ಲೆಗೊಂದು ಕ್ಷಯ ಕೇಂದ್ರ, ಉಳಿದ ಆರೋಗ್ಯ ಕೇಂದ್ರಗಳಲ್ಲಿ ಕೆಮ್ಮು ಎಂದು ಬಂದವರ ಕಫ ಪರೀಕ್ಷೆ, ಮನೆಯಲ್ಲೇ ಚಿಕಿತ್ಸೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತಿಗೂ "ಎರಡು ವಾರದಿಂದ ಕೆಮ್ಮೇ? ಕಫ ಕೊಡಿ" ಎನ್ನುವ ಮಾತಿನ ಬೇರು ಅಲ್ಲಿದೆ.

ಜನ ಬರುವವರೆಗೆ ಕಾಯುವುದು ಸೋಮಾರಿತನದಂತೆ ಕಾಣಬಹುದು. ಅದು ಹಾಗಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಒಂದು ಪರೀಕ್ಷೆ ಇದೆ ಎಂದುಕೊಳ್ಳಿ. ರೋಗವಿರುವ 100 ಜನರಲ್ಲಿ 90 ಜನರನ್ನು ಅದು ಹಿಡಿಯುತ್ತದೆ. ರೋಗವಿಲ್ಲದ 100 ಜನರಲ್ಲಿ 98 ಜನರಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ಕೇಳಲು ಬಲು ಒಳ್ಳೆಯ ಪರೀಕ್ಷೆ. ಭಾರತದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಒಂದು ಲಕ್ಷ ಜನರಲ್ಲಿ 316 ಜನರಿಗೆ ಶ್ವಾಸಕೋಶದ ಕ್ಷಯ. ಒಂದು ಲಕ್ಷ ಜನರಿಗೂ ನಮ್ಮ ಪರೀಕ್ಷೆ ಮಾಡಿದರೆ 316ರಲ್ಲಿ ಸುಮಾರು 284 ಜನ ಸಿಗುತ್ತಾರೆ. ಆದರೆ ರೋಗವಿಲ್ಲದ 99,684 ಜನರಲ್ಲಿ ನೂರಕ್ಕೆ ಇಬ್ಬರಂತೆ 1,994 ಜನರಿಗೂ 'ಇದೆ' ಎಂದು ಬರುತ್ತದೆ. 'ಇದೆ' ಎನಿಸಿಕೊಂಡ ಎಂಟು ಜನರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ರೋಗ!

ಅದೇ ಪರೀಕ್ಷೆಯನ್ನು ಆಸ್ಪತ್ರೆಗೆ ಬಂದ ದೀರ್ಘ ಕೆಮ್ಮಿನವರಿಗೆ ಮಾಡಿ. ಅವರಲ್ಲಿ ನೂರಕ್ಕೆ ಹತ್ತು ಜನರಿಗೆ ಕ್ಷಯವಿದೆ ಎಂದಿಟ್ಟುಕೊಂಡರೆ, ಸಾವಿರ ಜನರಲ್ಲಿ 90 ನಿಜವಾದ 'ಇದೆ', 18 ಸುಳ್ಳು 'ಇದೆ'. ಈಗ ಆರರಲ್ಲಿ ಐದು ನಿಜ. ಯಂತ್ರ ಬದಲಾಗಲಿಲ್ಲ, ಪರೀಕ್ಷೆ ಬದಲಾಗಲಿಲ್ಲ. ಯಾರಿಗೆ ಮಾಡಿದೆವು ಎಂಬುದಷ್ಟೇ ಬದಲಾಯಿತು. ಕ್ಯಾಂಪಿನಲ್ಲಿ ಮಾಡಿಸಿದ ಯಾವುದೋ ಒಂದು ಪರೀಕ್ಷೆಯ ಚೀಟಿ ಹಿಡಿದು ಗಾಬರಿಯಾಗಿ ಬರುವವರಿಗೆ ನಾನು ಈ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ: ಮೊದಲ ಪರೀಕ್ಷೆ ಅನುಮಾನ ಹುಟ್ಟಿಸುತ್ತದೆ ಅಷ್ಟೆ, ಖಚಿತಪಡಿಸಲು ಎರಡನೆಯದು ಬೇಕು.

ಇನ್ನೊಂದು ವಿಷಯ ವಿದ್ಯಾರ್ಥಿಗಳನ್ನು ಸದಾ ಗೊಂದಲಕ್ಕೆ ಕೆಡವುತ್ತದೆ, ಪ್ರಿವಲೆನ್ಸ್ ಮತ್ತು ಇನ್ಸಿಡೆನ್ಸ್. ಕೆರೆಗಳ ಜಿಲ್ಲೆಯಲ್ಲಿ ಇದನ್ನು ಅರ್ಥ ಮಾಡಿಸುವುದು ಸುಲಭ. ಇವತ್ತು ಕೆರೆಯಲ್ಲಿ ನಿಂತಿರುವ ನೀರು ಪ್ರಿವಲೆನ್ಸ್, ಅಂದರೆ ಈಗಿರುವ ಒಟ್ಟು ರೋಗಿಗಳು. ಈ ವರ್ಷ ಕಾಲುವೆಯಲ್ಲಿ ಹೊಸದಾಗಿ ಹರಿದು ಬಂದ ನೀರು ಇನ್ಸಿಡೆನ್ಸ್, ಅಂದರೆ ಹೊಸ ರೋಗಿಗಳು. ತೂಬಿನಿಂದ ಹೊರಗೆ ಹೋಗುವವರು ಗುಣವಾದವರು. ಹೊರಗೆ ಹೋಗಲು ಇನ್ನೊಂದು ದಾರಿಯೂ ಇದೆ, ಸಾವು. ಆ ದಾರಿಯಲ್ಲಿ ಹೋದರೂ ಕೆರೆಯ ಮಟ್ಟ ಇಳಿಯುತ್ತದೆ. ಆದ್ದರಿಂದ ರೋಗಿಗಳ ಸಂಖ್ಯೆ ಇಳಿಯಿತು ಎಂದ ಕೂಡಲೆ ಸಂತೋಷಪಡುವಂತಿಲ್ಲ, ಯಾವ ದಾರಿಯಲ್ಲಿ ಇಳಿಯಿತು ಎಂದು ಕೇಳಬೇಕು. ಅರ್ಧಂಬರ್ಧ ಚಿಕಿತ್ಸೆಯಿಂದ ಇನ್ನೂ ಕೆಟ್ಟದ್ದು ಆಗುತ್ತದೆ: ರೋಗಿ ಸಾಯುವುದಿಲ್ಲ, ಗುಣವೂ ಆಗುವುದಿಲ್ಲ, ಕೆಮ್ಮುತ್ತಾ ಬೇರೆಯವರಿಗೆ ಹರಡುತ್ತಿರುತ್ತಾರೆ. 1962ರ ಕಾರ್ಯಕ್ರಮ ಎಡವಿದ್ದು ಹೆಚ್ಚಾಗಿ ಇಲ್ಲೇ. ವರ್ಷಕ್ಕೂ ಮೀರಿದ ಚಿಕಿತ್ಸೆ, ಹಣದ ಕೊರತೆ, ನಡುವೆ ಮಾತ್ರೆ ಬಿಟ್ಟವರನ್ನು ಹುಡುಕಿ ಕರೆತರುವವರಿಲ್ಲ. 1992ರ ಪರಿಶೀಲನೆಯ ನಂತರ ಅದನ್ನು ಪರಿಷ್ಕರಿಸಿದರು. ಎದುರಿಗೆ ನಿಂತು ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು.

ಒಬ್ಬ ವೈದ್ಯ ವಿದ್ಯಾರ್ಥಿ ಈ ದಾರಿಗೆ ಹೇಗೆ ಬರಬಹುದು? ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಇರುವ ಎಂಬಿಬಿಎಸ್‌ನಲ್ಲಿ ಕಮ್ಯುನಿಟಿ ಮೆಡಿಸಿನ್, ಅಂದರೆ ಸಮುದಾಯದ ಆರೋಗ್ಯದ ಓದು, ಎಲ್ಲರೂ ಓದಲೇಬೇಕಾದ ವಿಷಯ. ಬಹುತೇಕರು ಅದನ್ನು ಪಾಸಾದರೆ ಸಾಕೆಂದು ಓದುತ್ತಾರೆ. 2021-22ರ ತಂಡದಿಂದ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷವರ್ಷ ಅವರ ಆರೋಗ್ಯ ನೋಡಿಕೊಳ್ಳುವ ಪದ್ಧತಿ ಬಂದಿದೆ. ಮನಸ್ಸಿಟ್ಟು ಮಾಡಿದರೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆಯೂ ಇದೆ. ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಂಶೋಧನೆ ಮಾಡಿ ವರದಿ ಕೊಟ್ಟರೆ ಪ್ರಮಾಣಪತ್ರ ಮತ್ತು ಗೌರವಧನ ಸಿಗುತ್ತದೆ. ಮೊದಲು ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಆ ಕಾಗದಪತ್ರ ತಲೆನೋವು ಎಂದು ಗೊಣಗುವವರನ್ನು ನೋಡಿದ್ದೇನೆ. ಆದರೆ 'ನಿಮಗೆ ಇಷ್ಟವಿಲ್ಲದಿದ್ದರೆ ಉತ್ತರಿಸಬೇಕಿಲ್ಲ, ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಾಗದು' ಎಂದು ಒಬ್ಬ ಕೂಲಿ ಹೆಂಗಸಿಗೆ ಕನ್ನಡದಲ್ಲಿ ಅರ್ಥವಾಗುವಂತೆ ಹೇಳಲು ಕಲಿಯುವುದು ಅಲ್ಲೇ.

ಪ್ರಶ್ನೆ ಕೇಳುವುದೂ ಒಂದು ವಿದ್ಯೆ. "ಕೆಮ್ಮು ಇದೆಯೇ?" ಎಂದು ಒಬ್ಬ ಅಜ್ಜನನ್ನು ಕೇಳಿದೆ. "ಇಲ್ಲ ಕಣವ್ವ" ಅಂದರು. ಮಾತು ಮುಗಿಯುವ ಮೊದಲೇ ಕೆಮ್ಮಿದರು. ಕೇಳಿದರೆ, "ಇದಾ? ಇದು ಬೀಡಿ ಕೆಮ್ಮು, ಯಾವಾಗ್ಲೂ ಐತೆ" ಎಂದರು. ಅವರ ಪಾಲಿಗೆ ಅದು ಕೆಮ್ಮಿನ ಲೆಕ್ಕಕ್ಕೇ ಸೇರಿದ್ದಲ್ಲ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ತಾಯಿ ಬಾಗಿಲಿಗೆ ಅಡ್ಡ ನಿಂತು ಎಲ್ಲಕ್ಕೂ ಇಲ್ಲ ಎಂದುಬಿಡುತ್ತಾರೆ. ಕ್ಷಯ ಎಂಬ ಪದ ಓಣಿಯಲ್ಲಿ ಕೇಳಿಸಿದರೆ ಸಂಬಂಧ ತಪ್ಪಿಹೋಗುತ್ತದೆ ಎಂಬ ಹೆದರಿಕೆ ಅವರಿಗೆ. ಆಶಾ ಕಾರ್ಯಕರ್ತೆ ಅಂಥ ಕಡೆ ನಮೂನೆಯನ್ನು ಚೀಲಕ್ಕೆ ಹಾಕಿ, ಒಳಗೆ ಹೋಗಿ ಕೂತು, ನೀರು ಕೇಳಿ ಕುಡಿದು, ಬೇರೆ ಮಾತಿನಿಂದ ಶುರು ಮಾಡುತ್ತಿದ್ದರು. ಅವರಿಂದ ನಾನು ಕಲಿತದ್ದು ಯಾವ ಸಂಶೋಧನಾ ವಿಧಾನದ ಪುಸ್ತಕದಲ್ಲೂ ಇರಲಿಲ್ಲ.

ಎಂಬಿಬಿಎಸ್ ನಂತರ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂಡಿ ಮಾಡಬಹುದು, ನಾನೀಗ ಅದರಲ್ಲಿದ್ದೇನೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಂಥ ಕಡೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯಲ್ಲಿ ತರಬೇತಿ ಇದೆ. ಊರಿನಲ್ಲಿ ವಾಂತಿಭೇದಿ ಎದ್ದಿತು ಎಂದರೆ ಓಡಿಹೋಗಿ ಮೂಲ ಹುಡುಕುವ ಕೆಲಸದಲ್ಲಿ ಆಸಕ್ತಿ ಇರುವವರಿಗೆ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಿಂದ ನಡೆಸುವ ತರಬೇತಿ ಕಾರ್ಯಕ್ರಮವಿದೆ. ಸರ್ಕಾರಿ ಸೇವೆಗೆ ಸೇರಿ ತಾಲ್ಲೂಕು ಆರೋಗ್ಯಾಧಿಕಾರಿಯೋ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಯೋ ಆದವರ ಕೈಯಲ್ಲಿ ಅಂಕಿ ಮತ್ತು ಅಧಿಕಾರ ಎರಡೂ ಇರುತ್ತವೆ. ಸಂಪಾದನೆಯ ಮಾತಾಡಿದರೆ ಸರ್ಜರಿ, ರೇಡಿಯಾಲಜಿಯ ಹತ್ತಿರಕ್ಕೂ ಇದು ಬರುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂಶೋಧನೆ ನೀತಿಯಾಗುವುದು ಹಳೆಯ ಕಾಲದ ಕಥೆಯೇನಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಅಧ್ಯಾಪಕರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಒಂದು ಪ್ರಯೋಗ ಮಾಡಿತು. ಕ್ಷಯ ರೋಗಿಗಳಿಗೆಲ್ಲ ಪಡಿತರ ಕೊಟ್ಟರು; ಅರ್ಧದಷ್ಟು ಮನೆಗಳಲ್ಲಿ ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟರು. ಯಾವ ಪ್ರದೇಶದ ಮನೆಗಳಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಎರಡು ವರ್ಷದ ಗಮನಿಕೆಯ ನಂತರ, ಪಡಿತರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು ಉಳಿದವರಿಗಿಂತ ಶೇ 39ರಷ್ಟು ಕಡಿಮೆಯಾಗಿತ್ತು. ಹರಡುವ ಬಗೆಯ ಕ್ಷಯವಂತೂ ಶೇ 48ರಷ್ಟು. 2023ರಲ್ಲಿ ಇದು ಪ್ರಕಟವಾಯಿತು. 2024ರಲ್ಲಿ ಕೇಂದ್ರ ಸರ್ಕಾರ ರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯ ಪೋಷಣೆ ನೆರವನ್ನು 1,000ಕ್ಕೆ ಏರಿಸಿತು. ಕ್ಷಯ ರೋಗಿಗಳಿಗೆ ನೆರವಾಗುವ ದಾನಿಗಳಾದ ನಿಕ್ಷಯ್ ಮಿತ್ರರ ಆಹಾರದ ಕಿಟ್ಟನ್ನು ರೋಗಿಯ ಮನೆಯವರಿಗೂ ವಿಸ್ತರಿಸಿತು. ಕ್ಷಯ ಬಡವರ ಕಾಯಿಲೆ ಎಂದು ಎಲ್ಲರೂ ಹೇಳುತ್ತಿದ್ದೆವು. ಅಕ್ಕಿ, ಬೇಳೆ ಎಷ್ಟು ರೋಗವನ್ನು ತಡೆಯುತ್ತದೆ ಎಂದು ಅಳೆದು ತೋರಿಸಿದ ಮೇಲೆ ಆ ಮಾತಿಗೆ ಕಡತದೊಳಗೆ ಜಾಗ ಸಿಕ್ಕಿತು.

ಇನ್ನು 1963ರ ತುಮಕೂರಿನ ಉತ್ತರ ಇವತ್ತಿಗೂ ಸಾಕೇ ಎಂಬ ಪ್ರಶ್ನೆ. ನಾನು ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಲಕ್ಷಣಗಳಿದ್ದವರಲ್ಲಿ ಶೇ 64ರಷ್ಟು ಜನ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ಆಗ ಅರ್ಧದಷ್ಟು ಜನ ಹೋಗಿದ್ದರು, ಈಗ ಮೂರರಲ್ಲೊಬ್ಬರೇ ಹೋಗುತ್ತಾರೆ, ಜನ ಕೆಟ್ಟರು ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬಾರದು. ಅಲ್ಲಿನ ಛೇದ ಕಫದಲ್ಲಿ ರೋಗಾಣು ಇದ್ದವರು. ಇಲ್ಲಿನದು ಲಕ್ಷಣವಿದ್ದ ಎಲ್ಲರೂ, ರೋಗ ಇರಲಿ ಇಲ್ಲದಿರಲಿ. ಎರಡು ಬೇರೆ ಬೇರೆ ಕೆರೆಗಳ ನೀರನ್ನು ಒಂದೇ ಕೋಲಿನಿಂದ ಅಳೆದಂತಾಗುತ್ತದೆ. ಆದರೂ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಕಡೆಗಣಿಸಲಾಗದು: ಎದೆಯ ಎಕ್ಸ್‌ರೇ ತೆಗೆಯದೆ ಲಕ್ಷಣಗಳನ್ನಷ್ಟೇ ಕೇಳಿದ್ದರೆ ಶೇ 42.6ರಷ್ಟು ರೋಗಿಗಳು ಕೈತಪ್ಪುತ್ತಿದ್ದರು. ಲಕ್ಷಣ ತೋರದ ಕ್ಷಯ ಅಷ್ಟಿದೆ. ಹಾಗಾಗಿ 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನಗಳ ಅಭಿಯಾನದಿಂದ, ಕೈಯಲ್ಲಿ ಹಿಡಿಯುವಂಥ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಬರುತ್ತಿವೆ. ಅರವತ್ತು ವರ್ಷದ ಹಿಂದೆ ದುಬಾರಿ ಎಂದು ಬಿಟ್ಟ ದಾರಿಗೆ, ಯಂತ್ರ ಹಗುರವಾದ ಮೇಲೆ ಮರಳುತ್ತಿದ್ದೇವೆ. ಎರಡೂ ತೀರ್ಮಾನಗಳು ಅವುಗಳ ಕಾಲಕ್ಕೆ ಸರಿಯಾದವೇ. ನನಗಿರುವ ಕಳವಳ ಒಂದೇ: ಯಂತ್ರ ಊರಿಗೆ ಬರುವುದು ಎಷ್ಟು ಗಂಟೆಗೆ? ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಮತ್ತೆ ಅದೇ ಅಜ್ಜಿಯರು, ಅದೇ ಬಾಣಂತಿಯರು.

ಆ ಎರಡು ತಿಂಗಳ ಅಧ್ಯಯನದ ಉಳಿದ ದಿನಗಳಲ್ಲಿ ನಾನು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊತ್ತು ಬದಲಿಸಿದೆ. ಸಂಜೆ ಏಳರ ನಂತರ, ಭಾನುವಾರ ಬೆಳಿಗ್ಗೆ. ಬೀಗ ತೆಗೆದ ಮನೆಗಳಲ್ಲಿ ಒಲೆ ಹೊತ್ತಿರುತ್ತಿತ್ತು, ಟಿವಿ ಓಡುತ್ತಿರುತ್ತಿತ್ತು, ಕ್ವಾರಿಯಿಂದ ಬಂದವರು ಹಿತ್ತಲಲ್ಲಿ ದೂಳು ತೊಳೆಯುತ್ತಿದ್ದರು. ಅವರು ಕೊಟ್ಟ ಉತ್ತರಗಳು ಹಗಲಿನ ಉತ್ತರಗಳಂತಿರಲಿಲ್ಲ. ಈಗ ಎಂಡಿ ಪ್ರಬಂಧಕ್ಕೆ ಪ್ರಶ್ನಾವಳಿ ಬರೆಯುತ್ತಿದ್ದೇನೆ. ಕ್ಷಯ ಪತ್ತೆಯಾದವರು ಆಸ್ಪತ್ರೆ ಮುಟ್ಟುವ ಮೊದಲು ಎಲ್ಲೆಲ್ಲಿ ಅಲೆದರು ಎಂಬುದು ವಿಷಯ. ಮೊದಲ ಪ್ರಶ್ನೆಯನ್ನು ಆರು ಸಲ ತಿದ್ದಿ, ಕೊನೆಗೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನಿನಲ್ಲಿ ಓದಿ ಹೇಳಿ, ಅವರು ಹೇಳಿದ ಹಾಗೆ ಬರೆದಿದ್ದೇನೆ: "ಮೈ ಸರಿಯಿಲ್ಲ ಅನ್ನಿಸಿದಾಗ ಮೊದಲು ಯಾರ ಹತ್ತಿರ ಹೇಳಿಕೊಂಡ್ರಿ?"